ಎಣ್ಣೆ ಮುಖಕ್ಕೆ ಒಂದು, ಒಣ ಮುಖಕ್ಕೆ ಇನ್ನೊಂದು: ಕಡಲೆಹಿಟ್ಟು, ಸ್ಕ್ರಬ್, ಆಸಿಡ್ ಸೀರಮ್‌ಗಳ ಹೋಲಿಕೆ

ಮುಖದ ಸತ್ತ ಪದರ ತೆಗೆಯಲು ಅಂಗಡಿಯಲ್ಲಿ, ಅಡುಗೆಮನೆಯಲ್ಲಿ ಏನೇ ಸಿಕ್ಕರೂ ಕೆಲಸದ ರೀತಿ ಎರಡೇ. ಕಡಲೆಹಿಟ್ಟು, ಸಕ್ಕರೆ, ಅಕ್ರೋಟ್ ಚಿಪ್ಪಿನ ಸ್ಕ್ರಬ್, ಒದ್ದೆ ಬಟ್ಟೆ ಇವೆಲ್ಲ ಉಜ್ಜಿ ತೆಗೆಯುತ್ತವೆ. ಸೀರಮ್ ಎಂಬ ತೆಳು ದ್ರವದ ರೂಪದಲ್ಲಿ ಸಿಗುವ ಸ್ಯಾಲಿಸಿಲಿಕ್, ಲ್ಯಾಕ್ಟಿಕ್, ಮ್ಯಾಂಡೆಲಿಕ್, ಗ್ಲೈಕಾಲಿಕ್ ಆಸಿಡ್‌ಗಳು ಆ ಪದರ ಹಿಡಿದುಕೊಂಡಿರುವ ಅಂಟನ್ನು ಸಡಿಲಿಸುತ್ತವೆ. ಆಸಿಡ್ ಅಂದ ಕೂಡಲೇ ಹೆದರಿ ಸ್ಕ್ರಬ್ ಡಬ್ಬಿ ಹಿಡಿಯುವವರೇ ಹೆಚ್ಚು. ಆದರೆ ಗೋಧಿ ಬಣ್ಣದ, ಕಪ್ಪು ಬಣ್ಣದ ನಮ್ಮ ಚರ್ಮ ಸಣ್ಣ ತರಚು ಗಾಯಕ್ಕೂ ಕಪ್ಪು ಕಲೆ ಕಟ್ಟುತ್ತದೆ, ಆ ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಹಾಗಾಗಿ ಗೀರು ಹಾಕುವ ಕಾಳೇ ನಮಗೆ ಹೆಚ್ಚು ಅಪಾಯ.

ಮೊದಲು ನಿಮ್ಮ ಚರ್ಮ ಯಾವುದೆಂದು ನೋಡಿಕೊಳ್ಳಿ. ಸೌಮ್ಯ ಫೇಸ್‌ವಾಶ್‌ನಲ್ಲಿ ಮುಖ ತೊಳೆದು, ಏನೂ ಹಚ್ಚದೆ ಒಂದು ಗಂಟೆ ಬಿಡಿ. ಮುಖವೆಲ್ಲ ಮಿರುಗಿದರೆ ಎಣ್ಣೆ ಚರ್ಮ. ಹಣೆ, ಮೂಗು, ಗದ್ದ ಮಾತ್ರ ಮಿರುಗಿದರೆ ಮಿಶ್ರ ಚರ್ಮ. ಕೆನ್ನೆ ಬಿಗಿದು ಎಳೆದಂತಾದರೆ ಒಣ ಚರ್ಮ. ಹೊಸ ಸೋಪು, ಹೊಸ ಕ್ರೀಮ್ ಯಾವುದು ಹಚ್ಚಿದರೂ ಉರಿದು ಕೆಂಪಾದರೆ ಅದು ಸೂಕ್ಷ್ಮ ಚರ್ಮ. ಎರಡು ವಸ್ತುಗಳನ್ನು ಹೋಲಿಸುವಾಗ ನಾವು ಅನುಸರಿಸುವುದು ಕೆನ್ನೆಗೊಂದು ಕ್ರಮ: ಎಡಕ್ಕೆ ಒಂದು, ಬಲಕ್ಕೆ ಇನ್ನೊಂದು, ಉಳಿದ ಯಾವುದನ್ನೂ ಬದಲಿಸುವಂತಿಲ್ಲ. ನಾಲ್ಕು ವಾರಕ್ಕೆ ಮುಂಚೆ ತೀರ್ಮಾನವಿಲ್ಲ, ಏಕೆಂದರೆ ಮೇಲ್ಪದರ ಹೊಸದಾಗಲು ಹರೆಯದವರಲ್ಲೇ ಸುಮಾರು 28 ದಿನ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು.

ಉಜ್ಜುವವುಗಳಲ್ಲಿ ಅಕ್ರೋಟ್ ಚಿಪ್ಪು, ಏಪ್ರಿಕಾಟ್ ಬೀಜದ ಸ್ಕ್ರಬ್‌ಗಳನ್ನು ಮುಖಕ್ಕೆ ಬೇಡವೇ ಬೇಡ ಎನ್ನುತ್ತೇವೆ. ಚಿಪ್ಪನ್ನು ಎಷ್ಟು ಪುಡಿ ಮಾಡಿದರೂ ಅಂಚು ಮೊನಚಾಗಿಯೇ ಇರುತ್ತದೆ. ತೊಳೆದ ಕೂಡಲೇ ಮುಖ ನುಣುಪಾಗಿ ಕಾಣುತ್ತದೆ ನಿಜ, ಆದರೆ ಮೊಡವೆ ಇದ್ದ ಕಡೆ ಅದರ ತುದಿ ಕಿತ್ತು ಬಂದು ಅಲ್ಲೇ ಕಲೆ ಕೂರುತ್ತದೆ. ಸಕ್ಕರೆಯದ್ದೂ ಇದೇ ಕಥೆ. ಕಾಲಿಗೆ, ಮೊಣಕೈಗೆ ಇಟ್ಟುಕೊಳ್ಳಿ. ಕಡಲೆಹಿಟ್ಟು ಇವೆರಡಕ್ಕಿಂತ ಎಷ್ಟೋ ಮೇಲು. ತೆಳು ಬಟ್ಟೆಯಲ್ಲಿ ಸೋಸಿದ ಹಿಟ್ಟು ಎರಡು ಟೀ ಚಮಚ ತೆಗೆದುಕೊಂಡು ಎಣ್ಣೆ ಚರ್ಮಕ್ಕೆ ನೀರಿನಲ್ಲಿ, ಒಣ ಚರ್ಮಕ್ಕೆ ಹಾಲಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ. ತೊಂದರೆ ಶುರುವಾಗುವುದು ಹಚ್ಚಿದ್ದನ್ನು ಬಿರುಕು ಬಿಡುವವರೆಗೆ ಒಣಗಿಸಿ, ಆಮೇಲೆ ಉಜ್ಜಿ ಉದುರಿಸುವಾಗ. ಒಣಗಿದ ಹಿಟ್ಟು ಮುಖದ ಸಣ್ಣ ಕೂದಲನ್ನೂ ಒಳ್ಳೆಯ ಪದರವನ್ನೂ ಎಳೆದುಕೊಂಡೇ ಬರುತ್ತದೆ. ಹಸಿ ಇರುವಾಗಲೇ, ಎರಡು ನಿಮಿಷದೊಳಗೆ, ಬೆರಳ ತುದಿಯಲ್ಲಿ ಒತ್ತಡ ಹಾಕದೆ ಸುತ್ತಿಸಿ ತೊಳೆಯಿರಿ. ಯಾವ ತೊಂದರೆಯೂ ಇಲ್ಲದ ಸಾಮಾನ್ಯ ಚರ್ಮಕ್ಕೆ ವಾರಕ್ಕೊಮ್ಮೆ ಇಷ್ಟೇ ಸಾಕು. ಹಳೆಯ ಮೆತ್ತನೆ ಪಂಚೆ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಸವರುವುದೂ ಸರಿಸುಮಾರು ಇಷ್ಟೇ ಫಲ ಕೊಡುತ್ತದೆ.

ಮೊಸರಿನಲ್ಲೂ ಲ್ಯಾಕ್ಟಿಕ್ ಆಸಿಡ್ ಇದೆಯಲ್ಲ, ಸೀರಮ್ ಯಾಕೆ ಎಂಬ ಪ್ರಶ್ನೆ ಸಹಜ. ಮೊಸರಿನಲ್ಲಿ ಅದು ಶೇ 1ರ ಆಸುಪಾಸು, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 4.5. ಆ ಪಿಎಚ್‌ನಲ್ಲಿ ಅದರ ಐದನೇ ಒಂದು ಪಾಲು ಮಾತ್ರ ಬಿಡಿ ಆಸಿಡ್ ಆಗಿರುತ್ತದೆ, ಚರ್ಮದ ಮೇಲೆ ಕೆಲಸ ಮಾಡುವುದು ಆ ಬಿಡಿ ಭಾಗವೇ. ಮೊಸರು ಹಚ್ಚಿದರೆ ಮುಖ ಮೆತ್ತಗಾಗುತ್ತದೆ, ಪದರ ಬಿಡುವುದು ನಾಮಮಾತ್ರ. ನಿಂಬೆಹಣ್ಣು ಇದಕ್ಕೆ ವಿರುದ್ಧ ಕೊನೆ: ಪಿಎಚ್ 2ರ ಸುತ್ತ. ಅದರ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಗುಳ್ಳೆ ಎದ್ದು ಕಪ್ಪಾಗುವುದುಂಟು. ಅಡುಗೆ ಸೋಡಾ ಕ್ಷಾರ, ಚರ್ಮದ ಸಹಜ ಆಮ್ಲೀಯತೆಯನ್ನೇ ಕೆಡಿಸುತ್ತದೆ. ಇವೆರಡೂ ಮುಖದ ಹತ್ತಿರ ಬರಬಾರದು.

ಎಣ್ಣೆ ಚರ್ಮ, ಬ್ಲ್ಯಾಕ್‌ಹೆಡ್ಸ್, ಹಣೆಯ ಮೇಲಿನ ಸಣ್ಣ ಗುಳ್ಳೆ ಇರುವವರಿಗೆ ಸ್ಯಾಲಿಸಿಲಿಕ್‌ಗೆ ಸರಿಸಾಟಿ ಇನ್ನೊಂದಿಲ್ಲ. ಈ ಪಟ್ಟಿಯಲ್ಲಿ ಎಣ್ಣೆಯಲ್ಲಿ ಚೆನ್ನಾಗಿ ಕರಗುವುದು ಅದೊಂದೇ. ಉಳಿದವು ಜಿಡ್ಡಿನ ಮೇಲೆಯೇ ನಿಂತರೆ ಇದು ಜಿಡ್ಡು ತುಂಬಿದ ರಂಧ್ರದೊಳಗೆ ಇಳಿಯುತ್ತದೆ. ಶೇ 2ರ ಸೀರಮ್ ಸಾಕು. ರಾತ್ರಿ ಮುಖ ತೊಳೆದು, ಪೂರ್ತಿ ಆರಿದ ಮೇಲೆ ಮೂರು ನಾಲ್ಕು ಹನಿ ಹಣೆ, ಮೂಗು, ಗದ್ದಕ್ಕೆ ಹಚ್ಚಿ. ಐದು ನಿಮಿಷ ಬಿಟ್ಟು ಹಗುರ ಮಾಯಿಶ್ಚರೈಸರ್. ಮೊದಲೆರಡು ವಾರ ವಾರಕ್ಕೆ ಎರಡೇ ರಾತ್ರಿ, ಸಿಪ್ಪೆ ಏಳದಿದ್ದರೆ ದಿನ ಬಿಟ್ಟು ದಿನ. ಫೇಸ್‌ವಾಶ್ ರೂಪದಲ್ಲಿ ಕೊಂಡವರು ನೊರೆಯನ್ನು ಒಂದೆರಡು ನಿಮಿಷ ಮುಖದ ಮೇಲೆ ಬಿಡಬೇಕು. ಹಚ್ಚಿದ ಕೂಡಲೇ ತೊಳೆದರೆ ಕೊಟ್ಟ ದುಡ್ಡು ನೀರಿನಲ್ಲಿ ಹೋಗುತ್ತದೆ. ಆಸ್ಪಿರಿನ್ ಅಲರ್ಜಿ ಇರುವವರು ಇದನ್ನು ಮುಟ್ಟಬಾರದು. ಮೂಗಿನ ಮೇಲಿನ ಸಾಲು ಸಾಲು ಬೂದು ಚುಕ್ಕಿಗಳು ಎಲ್ಲರಿಗೂ ಇರುವ ಜಿಡ್ಡಿನ ಎಳೆಗಳು, ಕಿತ್ತರೂ ಮತ್ತೆ ತುಂಬುತ್ತವೆ. ಅದಕ್ಕಾಗಿ ಸೀರಮ್ ಹೆಚ್ಚಿಸುತ್ತ ಹೋಗಬೇಡಿ.

ಒಣ ಚರ್ಮಕ್ಕೆ ಇದೇ ಸ್ಯಾಲಿಸಿಲಿಕ್ ಹಚ್ಚಿದರೆ ಬಾಯಿಯ ಸುತ್ತ ಸಿಪ್ಪೆ ಏಳುತ್ತದೆ. ಅಲ್ಲಿ ಶೇ 5ರ ಲ್ಯಾಕ್ಟಿಕ್ ಗೆಲ್ಲುತ್ತದೆ, ಪದರ ಬಿಡಿಸುವುದರ ಜೊತೆಗೆ ನೀರನ್ನೂ ಹಿಡಿದಿಡುವ ಗುಣ ಅದಕ್ಕಿದೆ. ವಾರಕ್ಕೊಂದು ರಾತ್ರಿಯಿಂದ ಶುರುಮಾಡಿ, ಎರಡಕ್ಕೆ ನಿಲ್ಲಿಸಿ. ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಜಾಸ್ತಿ. ಚಳಿಗಾಲದಲ್ಲಿ ಮೊದಲು ಮಾಯಿಶ್ಚರೈಸರ್ ತೆಳುವಾಗಿ ಹಚ್ಚಿ, ಅದರ ಮೇಲೆ ಲ್ಯಾಕ್ಟಿಕ್ ಹಾಕಿದರೆ ಚುರುಕು ತಗ್ಗುತ್ತದೆ.

ಗ್ಲೈಕಾಲಿಕ್ ಇವುಗಳಲ್ಲೆಲ್ಲ ಅತಿ ಚಿಕ್ಕ ಅಣು, ಬೇಗ ಒಳಗೆ ಇಳಿಯುತ್ತದೆ. ಫಲ ಬೇಗ ಕಾಣುವುದೂ, ಉರಿದು ಕಪ್ಪಾಗುವುದೂ ಅದೇ ಕಾರಣಕ್ಕೆ. ಬಿಸಿಲಿಗೆ ದಪ್ಪಗಾದ, ಗಟ್ಟಿ ಚರ್ಮಕ್ಕೆ ಒಗ್ಗುತ್ತದೆ. ಹೊಸಬರು ಇದರಿಂದ ಆರಂಭಿಸುವುದು ಸರಿಯಲ್ಲ. ಮೊಡವೆಯೂ ಇದೆ, ಅದರ ಕಲೆಯೂ ಇದೆ ಎನ್ನುವ ಕಪ್ಪು ಚರ್ಮಕ್ಕೆ ನಮ್ಮ ಆಯ್ಕೆ ಮ್ಯಾಂಡೆಲಿಕ್, ಶೇ 5ರಿಂದ 10. ಅದರ ಅಣು ಗ್ಲೈಕಾಲಿಕ್‌ನ ಎರಡರಷ್ಟು ತೂಕದ್ದು, ನಿಧಾನವಾಗಿ ಇಳಿಯುವುದರಿಂದ ಉರಿಯೂ ಕಡಿಮೆ. ಸೂಕ್ಷ್ಮ ಚರ್ಮದವರು ಇದೇ ಕೆಲಸವನ್ನು ಇನ್ನೂ ಸೌಮ್ಯವಾಗಿ ಮಾಡುವ ಗ್ಲುಕೋನೋಲ್ಯಾಕ್ಟೋನ್ ಇರುವ ಸೀರಮ್ ಹುಡುಕಿ, ವಾರಕ್ಕೊಮ್ಮೆ ಮಾತ್ರ. ಮಿಶ್ರ ಚರ್ಮದವರು ಇಡೀ ಮುಖಕ್ಕೆ ಒಂದನ್ನೇ ಬಳಿಯುವುದೇಕೆ? ಹಣೆ, ಮೂಗಿಗೆ ಸ್ಯಾಲಿಸಿಲಿಕ್, ಬೇರೆ ರಾತ್ರಿ ಕೆನ್ನೆಗೆ ಲ್ಯಾಕ್ಟಿಕ್.

ಯಾವುದನ್ನು ಆರಿಸಿದರೂ ಬೆಳಿಗ್ಗೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್, ಎರಡು ಬೆರಳಿನ ಉದ್ದಕ್ಕೆ ಹಿಂಡಿದಷ್ಟು, ಹಚ್ಚಲೇಬೇಕು. ಅದು ಆಗದೆನ್ನುವವರು, ಅದರಲ್ಲೂ ಬಂಗು ಇರುವವರು, ಆಸಿಡ್ ಗೋಜಿಗೇ ಹೋಗಬಾರದು. ಮೊಡವೆಗೆ ಕೊಡುವ ಟ್ರೆಟಿನೋಯಿನ್, ಅಡಾಪಲೀನ್ ಔಷಧ ಹಚ್ಚುವ ರಾತ್ರಿ ಆಸಿಡ್ ಇಲ್ಲ. ಗಡ್ಡ ಹೆರೆಯುವಾಗ ಬ್ಲೇಡೇ ಒಂದು ಪದರ ತೆಗೆದಿರುತ್ತದೆ, ಆ ದಿನವೂ ಇಲ್ಲ.

ಅತಿಯಾಯಿತೆಂದು ತಿಳಿಯುವುದು ಹೀಗೆ: ಎಣ್ಣೆಯಿಲ್ಲದೆಯೂ ಹಣೆ ಪ್ಲಾಸ್ಟಿಕ್ಕಿನಂತೆ ಮಿರುಗುತ್ತದೆ, ಬರೀ ನೀರು ತಾಗಿದರೂ ಚುರುಗುಟ್ಟುತ್ತದೆ. ಆಗ ಎಲ್ಲವನ್ನೂ ನಿಲ್ಲಿಸಿ ಎರಡರಿಂದ ನಾಲ್ಕು ವಾರ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಮಾತ್ರ.

ಮೂಗಿನ ಪಕ್ಕ, ಹುಬ್ಬಿನಲ್ಲಿ ಜಿಡ್ಡು ಜಿಡ್ಡಾಗಿ ಏಳುವ ಹಳದಿ ಹೊಟ್ಟನ್ನು ಒಣ ಚರ್ಮವೆಂದು ಉಜ್ಜುವವರಿದ್ದಾರೆ. ಅದು ತಲೆಹೊಟ್ಟಿನ ಜಾತಿಯದೇ, ಉಜ್ಜಿದಷ್ಟೂ ಕೆರಳುತ್ತದೆ. ಅದಕ್ಕೆ ಬೇಕಾದದ್ದು ಶಿಲೀಂಧ್ರ ನಿವಾರಕ ಕ್ರೀಮ್. ಬೆಳ್ಳಗಾಗಲೆಂದು ಔಷಧಿ ಅಂಗಡಿಯಿಂದ ಬೀಟಾಮೆಥಾಸೋನ್, ಮೊಮೆಟಾಸೋನ್ ಅಥವಾ ಕ್ಲೊಬೆಟಾಸಾಲ್ ಇರುವ ಕ್ರೀಮ್ ತಂದು ತಿಂಗಳುಗಟ್ಟಲೆ ಹಚ್ಚಿದ ಮುಖಕ್ಕಂತೂ ಕಡಲೆಹಿಟ್ಟೂ ಬೇಡ. ಆ ಸ್ಟೀರಾಯ್ಡ್‌ಗಳಿಂದ ಚರ್ಮ ಆಗಲೇ ತೆಳುವಾಗಿರುತ್ತದೆ. ಅಂಥವರು ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮವೈದ್ಯರ ಬಳಿ ಹೋಗಬೇಕು.