ವರ್ಚುವಲ್‌ಬಾಕ್ಸ್ ನೆಟ್‌ವರ್ಕ್: ಬ್ರಿಡ್ಜ್ಡ್ ಮೋಡ್‌ಗೆ ಕೈಹಾಕುವ ಮುಂಚೆ

ವರ್ಚುವಲ್‌ಬಾಕ್ಸ್ ಎಂದರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು (ವರ್ಚುವಲ್ ಮಷೀನ್, ಅಂದರೆ ವಿಎಂ) ಓಡಿಸುವ ತಂತ್ರಾಂಶ. ಅದರಲ್ಲಿ ಹೊಸ ವಿಎಂ ಮಾಡಿದರೆ ಅದು ನ್ಯಾಟ್ ಮೋಡ್‌ನಲ್ಲೇ ಇರುತ್ತದೆ, ಅಂದರೆ ಲ್ಯಾಪ್‌ಟಾಪಿನ ಮರೆಯಲ್ಲಿದ್ದು ಅದರ ಮೂಲಕವೇ ಹೊರಗೆ ಹೋಗುತ್ತದೆ. ಏನೂ ಮುಟ್ಟಬೇಕಿಲ್ಲ, ಇಂಟರ್ನೆಟ್ ಬರುತ್ತದೆ. ಎರಡು ವಿಎಂ ತೆರೆದರೆ ಎರಡಕ್ಕೂ 10.0.2.15 ಎಂಬ ಒಂದೇ ಐಪಿ! ಗಾಬರಿ ಬೇಡ. ಪ್ರತಿ ವಿಎಂಗೂ ಅದರದೇ ನ್ಯಾಟ್ ಇರುವುದರಿಂದ ಅವು ಒಂದಕ್ಕೊಂದು ಕಾಣುವುದೇ ಇಲ್ಲ. ಲ್ಯಾಪ್‌ಟಾಪ್‌ನಿಂದ ವಿಎಂಗೆ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮಾಡಲು ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ ಹೋಸ್ಟ್ (ನಿಮ್ಮ ಲ್ಯಾಪ್‌ಟಾಪ್) ಪೋರ್ಟ್ 2222, ಗೆಸ್ಟ್ (ವಿಎಂ) ಪೋರ್ಟ್ 22 ಹಾಕಿ. ಹೋಸ್ಟ್ ಐಪಿ ಜಾಗದಲ್ಲಿ 127.0.0.1 ಬರೆಯಿರಿ, ಖಾಲಿ ಬಿಟ್ಟರೆ ಅದೇ ವೈಫೈನಲ್ಲಿರುವ ಎಲ್ಲರಿಗೂ ಬಾಗಿಲು ತೆರೆದ ಹಾಗೆ.

ಇಷ್ಟಕ್ಕೇ ಬೇಸತ್ತು ಜನ ಬ್ರಿಡ್ಜ್ಡ್‌ಗೆ, ಅಂದರೆ ವಿಎಂ ತಾನೇ ನೇರವಾಗಿ ನೆಟ್‌ವರ್ಕ್ ಸೇರುವ ಮೋಡ್‌ಗೆ ಹಾರುತ್ತಾರೆ. ಕೇಬಲ್ ಇದ್ದರೆ ಅದು ಸೊಗಸಾಗಿ ನಡೆಯುತ್ತದೆ, ವಿಎಂಗೆ ನೇರ ರೂಟರಿನಿಂದಲೇ ಐಪಿ. ವೈಫೈನಲ್ಲಿ ಕಥೆ ಬೇರೆ. ಆಕ್ಸೆಸ್ ಪಾಯಿಂಟ್ (ವೈಫೈ ಕೊಡುವ ಸಾಧನ) ತನಗೆ ಪರಿಚಯವಿರುವ ಮ್ಯಾಕ್ ವಿಳಾಸವನ್ನಷ್ಟೇ (ನೆಟ್‌ವರ್ಕ್ ಕಾರ್ಡ್‌ನ ಗುರುತು ಸಂಖ್ಯೆ) ಒಪ್ಪುವುದರಿಂದ ವರ್ಚುವಲ್‌ಬಾಕ್ಸ್ ಪ್ಯಾಕೆಟ್‌ಗಳ ಮೇಲೆ ಲ್ಯಾಪ್‌ಟಾಪಿನ ಮ್ಯಾಕ್ ಅಂಟಿಸಿ ಕಳಿಸುತ್ತದೆ. ಈ ಜುಗಾಡ್ ಕೆಲವು ಕಾರ್ಡ್‌ಗಳಲ್ಲಿ ನಡೆಯುತ್ತದೆ, ಕೆಲವುಗಳಲ್ಲಿ ಇಲ್ಲ. ಕಾಲೇಜು, ಆಫೀಸು ನೆಟ್‌ವರ್ಕ್‌ಗಳಲ್ಲಿ ಪೋರ್ಟ್ ಸೆಕ್ಯೂರಿಟಿ (ಅಪರಿಚಿತ ಮ್ಯಾಕ್ ಕಂಡರೆ ತಡೆಯುವ ವ್ಯವಸ್ಥೆ) ಇದ್ದರೆ ನಿಮ್ಮ ಕೇಬಲ್ ಚುಚ್ಚಿದ ಪೋರ್ಟೇ ಬಂದ್ ಆದೀತು.

ನಮ್ಮ ಆಯ್ಕೆ: ವಿಎಂನ ಮೊದಲ ಅಡಾಪ್ಟರ್ (ನೆಟ್‌ವರ್ಕ್ ಕಾರ್ಡ್) ನ್ಯಾಟ್, ಎರಡನೆಯದು ಹೋಸ್ಟ್-ಓನ್ಲಿ, ಅಂದರೆ ಲ್ಯಾಪ್‌ಟಾಪ್ ಮತ್ತು ವಿಎಂಗಳ ನಡುವಷ್ಟೇ ಇರುವ ಖಾಸಗಿ ನೆಟ್‌ವರ್ಕ್. ಇಂಟರ್ನೆಟ್ ಮೊದಲನೆಯದರಿಂದ, ಲ್ಯಾಪ್‌ಟಾಪ್‌ನಿಂದ ವಿಎಂಗೆ, ವಿಎಂನಿಂದ ವಿಎಂಗೆ ಎರಡನೆಯದರಿಂದ. ಹೋಸ್ಟ್‌ಗೆ ಸಾಮಾನ್ಯವಾಗಿ 192.168.56.1 ಇರುತ್ತದೆ. ಎರಡನೆಯದಕ್ಕೆ ಸ್ಟ್ಯಾಟಿಕ್ (ಬದಲಾಗದ) ಐಪಿ ಕೊಡುವಾಗ ಗೇಟ್‌ವೇ (ಹೊರಗೆ ಹೋಗುವ ದಾರಿಯ ವಿಳಾಸ) ಮಾತ್ರ ತುಂಬಬೇಡಿ. ತುಂಬಿದರೆ ಡೀಫಾಲ್ಟ್ ರೂಟ್ ಅತ್ತ ತಿರುಗಿ ಇಂಟರ್ನೆಟ್ ಹೋಗುತ್ತದೆ.

ಸಿಟ್ಟು ಬರಿಸುವ ವಿಷಯವೂ ಒಂದಿದೆ. ಲಿನಕ್ಸ್ ಹೋಸ್ಟ್‌ನಲ್ಲಿ ವರ್ಚುವಲ್‌ಬಾಕ್ಸ್ ಆವೃತ್ತಿ 6.1.28ರಿಂದ ಈಚೆಗೆ ಹೋಸ್ಟ್-ಓನ್ಲಿಗೆ 192.168.56.0/21 ಬಿಟ್ಟು ಬೇರೆ ರೇಂಜ್ ಕೊಟ್ಟರೆ ಎರರ್ ಬರುತ್ತದೆ. ಬೇರೆ ಬೇಕೇಬೇಕೆಂದರೆ ಇಟಿಸಿ ಫೋಲ್ಡರಿನೊಳಗೆ ವಿಬಾಕ್ಸ್ ಎಂಬ ಫೋಲ್ಡರ್ ಮಾಡಿ, ಅಲ್ಲಿ ನೆಟ್‌ವರ್ಕ್ಸ್ ಡಾಟ್ ಕಾನ್ಫ್ ಎಂಬ ಫೈಲಿನಲ್ಲಿ ನಕ್ಷತ್ರ ಚಿಹ್ನೆ, ಒಂದು ಸ್ಪೇಸ್, ನಂತರ ನಿಮ್ಮ ರೇಂಜ್ ಬರೆಯಬೇಕು.

ವಿಎಂ ಕ್ಲೋನ್ ಮಾಡುವಾಗ ಎಲ್ಲ ಅಡಾಪ್ಟರ್‌ಗಳಿಗೂ ಹೊಸ ಮ್ಯಾಕ್ ಆಯ್ದುಕೊಳ್ಳಿ. ಉಬುಂಟು ಸರ್ವರ್ ಆದರೆ ಅಷ್ಟು ಸಾಲದು. ಇಟಿಸಿ ಫೋಲ್ಡರಿನ ಮಷೀನ್-ಐಡಿ ಫೈಲಿನಲ್ಲಿರುವ ಗುರುತು ಸಂಖ್ಯೆ ಒಂದೇ ಉಳಿದರೆ ಡಿಎಚ್‌ಸಿಪಿ (ತಾನಾಗಿ ಐಪಿ ಹಂಚುವ ವ್ಯವಸ್ಥೆ) ಎರಡಕ್ಕೂ ಒಂದೇ ಐಪಿ ಕೊಟ್ಟುಬಿಡಬಹುದು. ಕ್ಲೋನ್‌ನಲ್ಲಿ ಆ ಫೈಲನ್ನು ಅಳಿಸದೆ, ಒಳಗಿನದನ್ನಷ್ಟೇ ಖಾಲಿ ಮಾಡಿ ರೀಬೂಟ್ ಮಾಡಿ.