ಅರ್ಧ ತಲೆಗೆ ಕಾರ್ನ್ ಫ್ಲೋರ್, ಅರ್ಧ ತಲೆಗೆ ಕೂವೆಹಿಟ್ಟು

2024ರ ಮಾರ್ಚ್‌ನಲ್ಲಿ ನಮ್ಮ ಬೀದಿಯ ಬೋರ್‌ವೆಲ್ ಬತ್ತಿದಾಗ ಮನೆಯಲ್ಲಿ ಅಮ್ಮ ಒಂದು ಕಾನೂನು ತಂದರು: ವಾರಕ್ಕೆ ಒಂದೇ ತಲೆಸ್ನಾನ. ನನ್ನ ಕೂದಲು ಸೊಂಟದವರೆಗಿದೆ, ತೊಳೆಯಲು ಎರಡು ಬಕೆಟ್ ನೀರಾದರೂ ಬೇಕು. ಟ್ಯಾಂಕರ್‌ನ ಗಡಸು ನೀರಿಗೆ ಶಾಂಪೂ ನೊರೆಯೂ ಸರಿಯಾಗಿ ಬರುತ್ತಿರಲಿಲ್ಲ. ಜೊತೆಗೆ ಸ್ಕೂಟರ್, ಹೆಲ್ಮೆಟ್. ಮೂರನೇ ದಿನಕ್ಕೆಲ್ಲ ನೆತ್ತಿ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿತ್ತು. ಡ್ರೈ ಶಾಂಪೂ, ಅಂದರೆ ನೀರಿಲ್ಲದೆ ಕೂದಲಿನ ಜಿಡ್ಡು ಹೀರುವ ಪುಡಿ ಅಥವಾ ಸ್ಪ್ರೇ, ಅದರ ಹುಚ್ಚು ಹಿಡಿದದ್ದು ಆಗ. ನೀರು ಬಂದ ಮೇಲೂ ಬಿಟ್ಟಿಲ್ಲ.

ಮೊದಲು ತಂದದ್ದು ಅಂಗಡಿಯ ಸ್ಪ್ರೇ. ಸುಳ್ಳು ಹೇಳಬಾರದು, ಕೆಲಸ ಚೆನ್ನಾಗಿಯೇ ಮಾಡಿತು. ಆದರೆ ಇಷ್ಟುದ್ದ ಕೂದಲಿಗೆ ಡಬ್ಬಿ ಒಂದು ತಿಂಗಳೂ ಬರಲಿಲ್ಲ. 2022ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರ್ ತರಬಲ್ಲ ಬೆಂಜೀನ್ ಎಂಬ ರಾಸಾಯನಿಕ ಇರಬಹುದೆಂದು ಕೆಲವು ಸ್ಪ್ರೇ ಡ್ರೈ ಶಾಂಪೂಗಳನ್ನು ವಾಪಸ್ ತರಿಸಿಕೊಂಡಿದ್ದರಲ್ಲ, ಆಗ ಅನುಮಾನ ಬಿದ್ದದ್ದು ಒಳಗೆ ತುಂಬುವ ಅನಿಲದ ಮೇಲೆ. ನನ್ನ ಡಬ್ಬಿಯ ಹಿಂಬದಿ ಓದಿದೆ. ಬ್ಯೂಟೇನ್, ಪ್ರೊಪೇನ್, ಆಲ್ಕೋಹಾಲ್, ಆಮೇಲೆ ಅಕ್ಕಿಯ ಪಿಷ್ಟ (ಸ್ಟಾರ್ಚ್). ಜಿಡ್ಡು ಹೀರುವ ಮುಖ್ಯ ಕೆಲಸ ಆ ಪಿಷ್ಟದ್ದು.

ಅಕ್ಕಿ ಪಿಷ್ಟ ಅಂದ್ರೆ ಅಕ್ಕಿಹಿಟ್ಟೇ ಅಲ್ವಾ ಅಂದುಕೊಂಡು ಅಡುಗೆಮನೆಯ ಡಬ್ಬಿಗೆ ಕೈ ಹಾಕಿದೆ. ಎರಡೂ ಒಂದೇ ಅಲ್ಲ. ಗಿರಣಿಯ ಹಿಟ್ಟು ಎಷ್ಟೇ ನುಣ್ಣಗಿದ್ದರೂ ಅದು ಪುಡಿಯಾದ ಅಕ್ಕಿ. ಪಿಷ್ಟದ ಕಣಗಳು ಬಿಡಿಬಿಡಿಯಾಗಿರುವುದಿಲ್ಲ, ಪ್ರೋಟೀನ್ ಜೊತೆ ಅಂಟಿಕೊಂಡಿರುತ್ತವೆ. ತಲೆಯಲ್ಲಿ ಮರಳು ಹಾಕಿದಂತಾಯಿತು. ಬಾಚಿದರೆ ರವೆಯಂತೆ ಭುಜದ ಮೇಲೆ ಉದುರಿತು. "ತಲೆ ಮೇಲೆ ರೊಟ್ಟಿ ತಟ್ತೀಯೇನೇ?" ಅಂದರು ಅಮ್ಮ.

ನಿಜವಾದ ಪೈಪೋಟಿ ಇದ್ದದ್ದು ಕಾರ್ನ್ ಫ್ಲೋರ್ ಮತ್ತು ಕೂವೆಹಿಟ್ಟಿನ ನಡುವೆ. ಕಾರ್ನ್ ಫ್ಲೋರ್ ಎಂದರೆ ಸೂಪಿಗೆ ಹಾಕುವ ಬಿಳಿ ಪುಡಿ. ಹಳದಿ ಮೆಕ್ಕೆಜೋಳದ ಹಿಟ್ಟನ್ನು ತಲೆಗೆ ಹಾಕಿಕೊಂಡೀರಿ ಮತ್ತೆ! ಕೂವೆಹಿಟ್ಟು ನನಗೆ ಪುತ್ತೂರಿನ ಅತ್ತೆ ಕಳಿಸಿದ್ದು. ಕೂವೆಗೆಡ್ಡೆ ತುರಿದು, ನೀರಿನಲ್ಲಿ ಕಲಸಿ, ಸೋಸಿ, ತಳದಲ್ಲಿ ನಿಂತದ್ದನ್ನು ಮತ್ತೆ ಮತ್ತೆ ತೊಳೆದು ಒಣಗಿಸುತ್ತಾರೆ. ಕೈಯಲ್ಲಿ ಹಿಸುಕಿದರೆ ಕರಕರ ಅನ್ನುತ್ತದೆ, ಉಜ್ಜಿದರೆ ರೇಷ್ಮೆ. ಬೆಂಗಳೂರಿನಲ್ಲಿ ಮಂಗಳೂರು ಕಡೆಯ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ. ಆರಾರೂಟ್ ಅಂತ ಕೊಟ್ಟರೂ ಆದೀತು, ಆದರೆ ಪ್ಯಾಕೆಟ್ ಹಿಂದೆ ಏನಿದೆ ಓದಿ ತನ್ನಿ.

ನಡು ಬೈತಲೆ ತೆಗೆದು ಎಡಕ್ಕೆ ಕಾರ್ನ್ ಫ್ಲೋರ್, ಬಲಕ್ಕೆ ಕೂವೆ ಹಾಕಿಕೊಂಡೆ. ಎರಡೂ ಒಂದೊಂದು ಚಮಚ. ಹತ್ತು ನಿಮಿಷ ಬಿಟ್ಟು ಬಾಚಿ, ಎರಡೂ ಕಡೆ ಟಿಶ್ಯೂ ಒತ್ತಿ ನೋಡಿದೆ. ಜಿಡ್ಡಿನ ಕಲೆ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ. ಹೀರುವುದರಲ್ಲಿ ಕಾರ್ನ್ ಫ್ಲೋರ್ ಏನೂ ಕಡಿಮೆಯಿಲ್ಲ. ವ್ಯತ್ಯಾಸ ಗೊತ್ತಾದದ್ದು ಹೆಲ್ಮೆಟ್ ತೆಗೆದಾಗ. ಎಡಗಡೆ ಬೆವರಿಗೆ ಹಿಟ್ಟು ಕಲೆತು, ಬುಡದಲ್ಲಿ ಸಣ್ಣ ಸಣ್ಣ ಬಿಳಿ ಉಂಡೆ. ಬಲಗಡೆಯೂ ಸ್ವಲ್ಪ ಇತ್ತು, ಆದರೆ ಬೆರಳಲ್ಲಿ ಕೆದರಿದರೆ ಹೋಯಿತು. ಇನ್ನೊಂದು ದಿನ ಸಂಜೆ ಮಳೆಗೆ ಸಿಕ್ಕಿಹಾಕಿಕೊಂಡು ಮೆಟ್ರೋ ಪಿಲ್ಲರ್ ಕೆಳಗೆ ನಿಂತಿದ್ದೆ. ಪಕ್ಕದಲ್ಲಿದ್ದ ಅಜ್ಜಿ ನನ್ನ ಎಡಕಿವಿಯ ಹಿಂದೆ ನೋಡಿ "ಸುಣ್ಣ ತಗುಲಿದೆ ನೋಡಮ್ಮ" ಅಂದರು. ಅಲ್ಲಿಗೆ ತೀರ್ಮಾನವಾಯಿತು.

ಮುಲ್ತಾನಿ ಮಿಟ್ಟಿಯನ್ನೂ ನೋಡಿದೆ. ಜಿಡ್ಡು ಎಳೆಯುವುದರಲ್ಲಿ ಅದೇ ಎಲ್ಲಕ್ಕಿಂತ ಮುಂದೆ, ಆದರೆ ಕೂದಲು ಹುಲ್ಲಿನಂತಾಯಿತು, ದಿಂಬಿನ ತುಂಬ ಮಣ್ಣು. ಅಡುಗೆ ಸೋಡಾ ಬೇಡವೇ ಬೇಡ. ಅದು ಕ್ಷಾರ, ನೆತ್ತಿಯ ಚರ್ಮ ಸ್ವಲ್ಪ ಆಮ್ಲದ ಕಡೆಗಿರುತ್ತದೆ. ನನಗೆ ಎರಡೇ ದಿನಕ್ಕೆ ತುರಿಕೆ ಬಂತು. ಟಾಲ್ಕಂ ಪೌಡರ್ ಮುಟ್ಟಲಿಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಟಾಲ್ಕನ್ನು "ಬಹುಶಃ ಕ್ಯಾನ್ಸರ್‌ಕಾರಕ" ಪಟ್ಟಿಗೆ ಸೇರಿಸಿದೆ. ಮೂಗಿನ ಹತ್ತಿರ ಉದುರಿಸುವ ಪುಡಿ, ಸುಮ್ನೆ ಯಾಕೆ?

ಈಗ ನನ್ನ ಡಬ್ಬಿಯಲ್ಲಿರುವುದು ನಾಲ್ಕು ಚಮಚ ಕೂವೆಹಿಟ್ಟು, ಒಂದು ಚಮಚ ಕೋಕೋ ಪುಡಿ. ಕೋಕೋ ಬಣ್ಣಕ್ಕೆ ಮಾತ್ರ, ಕಪ್ಪು ಕೂದಲಲ್ಲಿ ಬಿಳಿ ಕಾಣಬಾರದಲ್ಲ. ಸಕ್ಕರೆಯಿಲ್ಲದ ಕೋಕೋನೇ ಆಗಬೇಕು. ಅವಸರದಲ್ಲಿ ಒಮ್ಮೆ ಡ್ರಿಂಕಿಂಗ್ ಚಾಕೊಲೇಟ್ ಹಾಕಿಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಬುಡವೆಲ್ಲ ಅಂಟು, ಸಂಜೆ ಮಲಗಿದ್ದಾಗ ದಿಂಬಿನ ಮೇಲೆ ಇರುವೆ. ಎರಡನ್ನೂ ಸಣ್ಣ ಜರಡಿಯಲ್ಲಿ ಎರಡು ಸಲ ಜರಡಿ ಹಿಡಿಯಿರಿ. ಪರಿಮಳಕ್ಕೆ ಸುಗಂಧ ತೈಲ ಹಾಕಿದರೆ ಪುಡಿ ಗಂಟು ಕಟ್ಟುತ್ತದೆ. ನಾನು ಗ್ರಂಥಿಗೆ ಅಂಗಡಿಯಿಂದ ತಂದ ಲಾವಂಚದ ಬೇರಿನ ಒಂದು ತುಂಡನ್ನು ಡಬ್ಬಿಯೊಳಗೆ ಇಟ್ಟಿದ್ದೇನೆ.

ಹಚ್ಚುವ ಹೊತ್ತು ಬದಲಾಯಿಸಿದ್ದರಿಂದ ಪುಡಿ ಬದಲಾಯಿಸಿದ್ದಕ್ಕಿಂತ ಜಾಸ್ತಿ ಲಾಭವಾಯಿತು. ಬೆಳಿಗ್ಗೆ ಆತುರದಲ್ಲಿ ಅಲ್ಲ, ರಾತ್ರಿ ಮಲಗುವ ಮುಂಚೆ. ಹಳೆಯ ಮೇಕಪ್ ಬ್ರಶ್ಶಿನಲ್ಲಿ ಬುಡಕ್ಕಷ್ಟೇ ಹಚ್ಚಿ ಸಡಿಲವಾಗಿ ಜಡೆ ಹಾಕಿಕೊಂಡರೆ ಬೆಳಿಗ್ಗೆ ಬಾಚುವುದೊಂದೇ ಕೆಲಸ. ಇದು ಕೊಳೆ ತೆಗೆಯುವುದಿಲ್ಲ, ಜಿಡ್ಡು ಹೀರಿಕೊಂಡು ತಲೆಯಲ್ಲೇ ಕೂತಿರುತ್ತದೆ. ಹಾಗಾಗಿ ಎರಡು ಸಲ ಹಚ್ಚಿದ ಮೇಲೆ ನಾನು ತಪ್ಪದೆ ತಲೆ ತೊಳೆಯುತ್ತೇನೆ.

ಈಗ ಅಮ್ಮನೂ ಕೇಳಿ ಹಾಕಿಸಿಕೊಳ್ಳುತ್ತಾರೆ. ಅವರದ್ದು ನರೆಗೂದಲು, ಕೋಕೋ ಬೇಕಿಲ್ಲ. ಮಿಕ್ಕ ಕಾರ್ನ್ ಫ್ಲೋರ್ ಭಾನುವಾರ ಗೋಬಿ ಮಂಚೂರಿಗೆ ಹೋಯಿತು.