ಒಂದೇ ತೊಟ್ಟು, ನಾಲ್ಕು ಆಕಾರ: ಶಿವಮೊಗ್ಗದ ಲೋಗೋ ವಿನ್ಯಾಸ ಸೇವೆಯೊಂದರ ವಿಮರ್ಶೆ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಇಬ್ಬರೇ ಸೇರಿ ನಡೆಸುತ್ತಿರುವ ವಿನ್ಯಾಸ ಸೇವೆಯೊಂದರಿಂದ ನಮ್ಮ ಗೃಹೋದ್ಯಮಕ್ಕೆ ಲೋಗೋ ಮತ್ತು ಲೇಬಲ್‌ಗಳನ್ನು ಮಾಡಿಸಿಕೊಂಡು ಒಂದು ಮಳೆಗಾಲ ಕಳೆದಿದೆ. ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಸಿರಪ್, ಜೋನಿ ಬೆಲ್ಲ ಮತ್ತು ಹಲಸಿನ ಹಪ್ಪಳ ತಯಾರಾಗುತ್ತವೆ. ಬಾಟಲಿ, ಡಬ್ಬಿ, ಪ್ಲಾಸ್ಟಿಕ್ ಕವರು ಎಂದು ಒಂದೊಂದಕ್ಕೂ ಒಂದೊಂದು ಅಳತೆ. ಮೆಚ್ಚುಗೆಯ ಜೊತೆಗೆ ಆಕ್ಷೇಪಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ.

ಅವರು ಒದಗಿಸುವುದು ಒಂದು ಚಿತ್ರವನ್ನಲ್ಲ, ಸಂದರ್ಭಕ್ಕೆ ತಕ್ಕಂತೆ ರೂಪ ಬದಲಿಸುವ ಲೋಗೋ ವ್ಯವಸ್ಥೆಯನ್ನು. ಈ ಕಲ್ಪನೆ ಹೊಸದೇನಲ್ಲ. 1981ರಲ್ಲಿ ಆರಂಭವಾದ ಎಂಟಿವಿ ವಾಹಿನಿ ಅಕ್ಷರಗಳ ಹೊರರೇಖೆಯನ್ನು ಹಾಗೆಯೇ ಉಳಿಸಿಕೊಂಡು ಒಳಗಿನ ಬಣ್ಣ ಮತ್ತು ಚಿತ್ತಾರವನ್ನು ಮಾತ್ರ ಬದಲಾಯಿಸುತ್ತಿತ್ತು. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ ಎಂಬ ಸಂಶೋಧನಾ ಕೇಂದ್ರ 2011ರಲ್ಲಿ ಸುಮಾರು 40,000 ರೂಪಗಳನ್ನು ತಾಳಬಲ್ಲ ಲೋಗೋ ಮಾಡಿಸಿಕೊಂಡಿತು. ಆದರೆ 2014ರಲ್ಲಿ ಅದನ್ನು ಬಿಟ್ಟು, ಸಮನಾದ ಚೌಕಗಳ ಜಾಲಕ್ಕೆ ಕಟ್ಟುಬಿದ್ದ ಇನ್ನಷ್ಟು ಬಿಗಿಯಾದ ವಿನ್ಯಾಸಕ್ಕೆ ಬಂತು. ಇಂಥ ಲೋಗೋದಲ್ಲಿ ಏನೇನು ಬದಲಾಗುತ್ತದೆ ಎನ್ನುವುದಕ್ಕಿಂತ ಏನು ಬದಲಾಗುವುದಿಲ್ಲ ಎಂಬುದನ್ನೇ ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ, ಮತ್ತು ಈ ಸೇವೆಯನ್ನು ಅಳೆದಿರುವುದೂ ಅದರಿಂದಲೇ.

ನಮ್ಮ ಲೋಗೋದಲ್ಲಿ ಬದಲಾಗದೆ ಉಳಿದಿರುವುದು ತೊಟ್ಟು. ಅಪ್ಪೆಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯುವುದು ನಮ್ಮ ಕಡೆಯ ಪದ್ಧತಿ; ತೊಟ್ಟು ಕಳಚಿದರೆ ಸೊನೆ ಸೋರಿ ಪರಿಮಳವೇ ಹೋಗುತ್ತದೆ. ಮೊದಲ ಭೇಟಿಯಲ್ಲಿ ಈ ವಿಷಯವನ್ನು ಗಮನವಿಟ್ಟು ಕೇಳಿಸಿಕೊಂಡ ವಿನ್ಯಾಸಕಿ, ಬಲಕ್ಕೆ ಓರೆಯಾದ ತೊಟ್ಟು ಮತ್ತು ಅದಕ್ಕೆ ಅಂಟಿದ ಒಂದು ಎಲೆಯನ್ನು ಸ್ಥಿರವಾಗಿಟ್ಟು, ಕೆಳಗಿನ ಆಕಾರವನ್ನು ಮಾತ್ರ ಪದಾರ್ಥಕ್ಕೆ ತಕ್ಕಂತೆ ಬದಲಾಯಿಸಿದರು. ಉಪ್ಪಿನಕಾಯಿಗೆ ನೀಳವಾದ ಮಿಡಿ, ಸಿರಪ್ಪಿಗೆ ದುಂಡನೆಯ ಮುರುಗಲು ಹಣ್ಣು, ಜೋನಿ ಬೆಲ್ಲಕ್ಕೆ ಇಳಿಯುತ್ತಿರುವ ಹನಿ. ಈ ಮೂರೂ ಚೆನ್ನಾಗಿ ಕೂತಿವೆ, ಅಂಗಡಿಯ ಕಪಾಟಿನಲ್ಲಿ ಬೇರೆ ಬೇರೆ ಕಡೆ ಇಟ್ಟರೂ ಒಂದೇ ಮನೆಯ ಸರಕೆಂದು ಗುರುತು ಸಿಗುತ್ತದೆ. ಹಪ್ಪಳದ ಚಿತ್ರ ಮಾತ್ರ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ: ಚಪ್ಪಟೆ ವೃತ್ತಕ್ಕೆ ತೊಟ್ಟು ಇಟ್ಟರೆ ಅದು ಸೌಟಿನಂತೆ ಕಾಣುತ್ತದೆ. ಹಪ್ಪಳದ ಬದಲು ಹಲಸಿನಕಾಯಿಯನ್ನೇ ಬರೆಯಬಹುದಿತ್ತಲ್ಲ ಎಂದು ಮನೆಯವರೆಲ್ಲ ಹೇಳಿದರೂ, ಮುಳ್ಳುಗಳು ಚಿಕ್ಕ ಅಳತೆಯಲ್ಲಿ ಮುದ್ರಣವಾಗುವುದಿಲ್ಲ ಎಂಬ ಕಾರಣ ಕೊಟ್ಟು ಅವರು ಒಪ್ಪಲಿಲ್ಲ.

ಅಳತೆಯ ವಿಷಯದಲ್ಲಿ ಅವರ ಕೆಲಸ ಶಿಸ್ತಿನದು. ರಟ್ಟಿನ ಪೆಟ್ಟಿಗೆ ಮತ್ತು ಜಾತ್ರೆಯ ಮಳಿಗೆಯ ಫ್ಲೆಕ್ಸಿಗೆ ಚಿತ್ರ, ಹೆಸರು, ಊರು ಮೂರೂ ಇರುವ ಪೂರ್ಣ ರೂಪ; ಬಾಟಲಿಗೆ ಚಿತ್ರ ಮತ್ತು ಹೆಸರು; ಮುಚ್ಚಳಕ್ಕೂ ವಾಟ್ಸ್ಆ್ಯಪಿನ ದುಂಡು ಚಿತ್ರಕ್ಕೂ ಬರಿಯ ಚಿತ್ರ. ಲೋಗೋ 12 ಮಿ.ಮೀ.ಗಿಂತ ಚಿಕ್ಕದಾದರೆ ಎಲೆಯ ನರಗಳನ್ನು ತೆಗೆದುಹಾಕಬೇಕೆಂಬ ನಿಯಮವನ್ನೂ ಬರೆದುಕೊಟ್ಟಿದ್ದಾರೆ. ಹಪ್ಪಳದ ಕಟ್ಟಿನ ಮೇಲೆ ಒತ್ತುವ ರಬ್ಬರ್ ಮೊಹರಿಗಾಗಿ ಒಂದೇ ಬಣ್ಣದ ರೂಪವೂ ಇದೆ, ಅದು ಎಲ್ಲಕ್ಕಿಂತ ಅಂದವಾಗಿದೆ.

ಅವರು ಎಡವಿದ್ದು ಕನ್ನಡ ಅಕ್ಷರಗಳಲ್ಲಿ. ಹೆಸರನ್ನು ಮೊದಲು ಇಂಗ್ಲಿಷಿನಲ್ಲಿ ಕೂರಿಸಿ, ಅದೇ ಎತ್ತರದ ಪಟ್ಟಿಯೊಳಗೆ ಕನ್ನಡವನ್ನು ತುರುಕಿದ್ದರು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಗೆರೆಯ ಮೇಲೆ ನಿಲ್ಲುತ್ತವೆ, ಕನ್ನಡದ ಒತ್ತಕ್ಷರಗಳು ಗೆರೆಯಿಂದ ಕೆಳಗೆ ಇಳಿಯುತ್ತವೆ. ಆದ್ದರಿಂದ ಎರಡು ಒತ್ತುಗಳಿರುವ ನಮ್ಮ ಹೆಸರು ಕುಗ್ಗಿ, ಚಿಕ್ಕ ಬಾಟಲಿಯ ಮೇಲೆ ಒತ್ತಿನ ಒಳಗಿನ ಬಿಳಿ ಜಾಗವೆಲ್ಲ ಶಾಯಿಯಿಂದ ತುಂಬಿಹೋಗಿ ಬರಿಯ ಚುಕ್ಕೆಯಾಗಿತ್ತು. ಆಕ್ಷೇಪಿಸಿದ ಮೇಲೆ, ಮುಕ್ತ ಪರವಾನಗಿಯ "ಬಾಲೂ ತಮ್ಮ" ಎಂಬ ಕನ್ನಡ ಫಾಂಟನ್ನು ಆಧಾರವಾಗಿಟ್ಟುಕೊಂಡು ಒತ್ತುಗಳನ್ನು ಅಗಲಿಸಿ, ಕನ್ನಡವನ್ನು ಮೇಲೆ ದೊಡ್ಡದಾಗಿಯೂ ಇಂಗ್ಲಿಷನ್ನು ಕೆಳಗೆ ಸಣ್ಣದಾಗಿಯೂ ಮಾಡಿಕೊಟ್ಟರು. ಈಗಿನ ರೂಪ ಚೆನ್ನಾಗಿಯೇ ಇದೆ, ಆದರೆ ಶಿವಮೊಗ್ಗದಲ್ಲಿ ಕುಳಿತು ಕೆಲಸ ಮಾಡುವವರಿಗೆ ಇದನ್ನು ಗ್ರಾಹಕರೇ ಹೇಳಬೇಕಾಗಿ ಬಂದದ್ದು ನನಗೆ ಸರಿಯೆನಿಸಲಿಲ್ಲ.

ಲೇಬಲ್ಲಿನ ಕಾನೂನನ್ನು ಅವರು ಚೆನ್ನಾಗಿ ತಿಳಿದಿದ್ದಾರೆ. ಆಹಾರ ಪದಾರ್ಥದ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು, ಕನ್ನಡವನ್ನು ಹೆಚ್ಚುವರಿಯಾಗಿ ಸೇರಿಸಬಹುದು. ಹಸಿರು ಚೌಕದೊಳಗಿನ ಸಸ್ಯಾಹಾರ ಚಿಹ್ನೆಯ ವೃತ್ತ, ಪೊಟ್ಟಣದ ಎದುರು ಕಾಣುವ ಮುಖ್ಯ ಫಲಕ 100 ಚದರ ಸೆಂ.ಮೀ.ವರೆಗೆ ಇದ್ದಾಗ ಕನಿಷ್ಠ 3 ಮಿ.ಮೀ. ವ್ಯಾಸದ್ದಾಗಿರಬೇಕು. ಈ ಚಿಹ್ನೆಗೆ, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆಗೆ, ತೂಕ ಮತ್ತು ಬೆಲೆಗೆ ಮೊದಲೇ ಜಾಗ ಬಿಟ್ಟು, ಉಳಿದ ಜಾಗದಲ್ಲಿ ಲೋಗೋವನ್ನು ಕೂರಿಸಿದ್ದಾರೆ. ಮಲೆನಾಡಿನ ಥಂಡಿಗೆ ಕಾಗದದ ಸ್ಟಿಕ್ಕರಿನ ಅಂಚು ಏಳುತ್ತದೆ, ಎಣ್ಣೆಗೆ ಕಲೆಯಾಗುತ್ತದೆ ಎಂದು ಪ್ಲಾಸ್ಟಿಕ್ ಹಾಳೆಯ ಸ್ಟಿಕ್ಕರನ್ನು ಸೂಚಿಸಿದ್ದೂ ಅವರೇ. ಆಷಾಢ, ಶ್ರಾವಣ ಎರಡನ್ನೂ ಅದು ತಾಳಿಕೊಂಡಿದೆ.

ಕಡತಗಳನ್ನು ಪಿಡಿಎಫ್, ಎಸ್‌ವಿಜಿ ಮತ್ತು ಪಿಎನ್‌ಜಿ ರೂಪದಲ್ಲಿ ಕೊಟ್ಟರು. ನಮ್ಮ ಊರಿನ ಪ್ರೆಸ್ಸಿನವರು ಕೇಳುವುದು ಕೋರೆಲ್‌ಡ್ರಾ ಕಡತವನ್ನು, ಅದೂ ಅಕ್ಷರಗಳನ್ನು "ಕರ್ವ್" ಮಾಡಿದ್ದನ್ನು, ಅಂದರೆ ಬರಿಯ ರೇಖೆಗಳಾಗಿ ಬದಲಾಯಿಸಿದ್ದನ್ನು. ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರದೆ ಹೆಸರೇ ಕೆಡುತ್ತದೆ. ಅದನ್ನು ವಿನ್ಯಾಸಕರು ನಾವು ಕೇಳಿದ ಮೇಲೆಯೇ ಕಳುಹಿಸಿದರು.

ಇನ್ನೊಂದು ಆಕ್ಷೇಪ ಲೋಗೋದ ಹಕ್ಕುಗಳಿಗೆ ಸಂಬಂಧಿಸಿದ್ದು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಹಣ ಕೊಟ್ಟು ಮಾಡಿಸಿದ ಮಾತ್ರಕ್ಕೆ ಲೋಗೋದ ಹಕ್ಕು ನಮ್ಮದಾಗುವುದಿಲ್ಲ. ವಿನ್ಯಾಸಕರು ಅದನ್ನು ಬರಹದಲ್ಲಿ, ಸಹಿಯೊಂದಿಗೆ ವರ್ಗಾಯಿಸಬೇಕು, ಅವಧಿಯನ್ನು ನಮೂದಿಸದಿದ್ದರೆ ವರ್ಗಾವಣೆ ಐದು ವರ್ಷಕ್ಕೆ ಮಾತ್ರವೆಂದು ಭಾವಿಸಲಾಗುತ್ತದೆ. ಅವರ ಒಪ್ಪಂದದಲ್ಲಿ ಅವಧಿಯ ಮಾತೇ ಇರಲಿಲ್ಲ, ನಾವು ಕೇಳಿ ಸೇರಿಸಿಕೊಂಡೆವು. ಟ್ರೇಡ್‌ಮಾರ್ಕ್ ಕುರಿತು ಮಾತ್ರ ಒಳ್ಳೆಯ ಸಲಹೆ ಕೊಟ್ಟರು: ನಾಲ್ಕು ಆಕಾರಗಳನ್ನೂ ನೋಂದಾಯಿಸುವ ಮೊದಲು ಬರಿಯ ಹೆಸರನ್ನು ನೋಂದಾಯಿಸಿ ಎಂದರು. ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಸರಕಿನ ಒಂದು ವರ್ಗಕ್ಕೆ ರೂ. 4,500 ಶುಲ್ಕ, ಉಪ್ಪಿನಕಾಯಿ 29ನೆಯ, ಬೆಲ್ಲ 30ನೆಯ, ಸಿರಪ್ 32ನೆಯ ವರ್ಗಕ್ಕೆ ಸೇರುವುದರಿಂದ ರೂ. 13,500 ಆಗುತ್ತದೆ.

ಇಡೀ ಕೆಲಸಕ್ಕೆ ರೂ. 22,000 ಕೊಟ್ಟಿದ್ದೇವೆ, ಮುಂದೆ ಸೇರುವ ಪ್ರತಿ ಪದಾರ್ಥದ ಆಕಾರಕ್ಕೆ ರೂ. 2,500. ಒಂದೇ ಪದಾರ್ಥವನ್ನು ಒಂದೇ ಅಳತೆಯ ಡಬ್ಬಿಯಲ್ಲಿ ಮಾರುವವರಿಗೆ ಇಷ್ಟು ಖರ್ಚಿನ ಅಗತ್ಯವಿಲ್ಲ, ಪ್ರೆಸ್ಸಿನ ಡಿಟಿಪಿಯವರೇ ಸಾಕು. ಬೇಸಿಗೆಗೆ ನಾವು ಜೇನುತುಪ್ಪವನ್ನೂ ಸೇರಿಸುವವರಿದ್ದೇವೆ. ಅದರ ಆಕಾರವನ್ನು ಇವರಿಂದಲೇ ಮಾಡಿಸುತ್ತೇವೆ, ಆದರೆ ಈ ಸಲ ಕನ್ನಡ ಹೆಸರನ್ನು ಅತಿ ಚಿಕ್ಕ ಬಾಟಲಿಯ ಅಳತೆಯಲ್ಲಿ ಮುದ್ರಿಸಿ ತೋರಿಸಿದ ಮೇಲೆಯೇ ಮುಂಗಡ ಕೊಡುವುದೆಂದು ತಿಳಿಸಿದ್ದೇವೆ, ಅವರೂ ಒಪ್ಪಿದ್ದಾರೆ.